ಸಣ್ಣ ಪ್ರೆಸ್ಬಿಟೇರಿಯನ್ ಸಭೆಯಲ್ಲಿ ಹೊಸದಾಗಿ ಹಿರಿಯರಾದವರು ಮನೆಭೇಟಿ ಹೇಗೆ ಮಾಡಬೇಕು?

ವಂದನೆಗಳು. ನೀವು ಕೇಳಿರುವುದು ಇಷ್ಟು: ಮಂಡ್ಯದಲ್ಲಿ 44 ಮನೆಗಳ ಪ್ರೆಸ್ಬಿಟೇರಿಯನ್ ಸಭೆ, ಅಂದರೆ ಚರ್ಚ್; ಅದನ್ನು ನೋಡಿಕೊಳ್ಳಲು ಪಾಸ್ಟರ್ ಜೊತೆಗೆ ನಿಮ್ಮನ್ನೂ ಸೇರಿಸಿ ನಾಲ್ವರು ಹಿರಿಯರು. ಭಾನುವಾರ ಆರಾಧನೆ ಮುಗಿದ ಹತ್ತು ನಿಮಿಷಕ್ಕೆ ಅಂಗಳ ಖಾಲಿ. ಯಾರ ಮನೆಯಲ್ಲಿ ಏನು ಕಷ್ಟ ಅಂತ ಯಾರಿಗೂ ಗೊತ್ತಿಲ್ಲ. ಜನರಿಗೆ ಧೈರ್ಯ ತುಂಬಲು ಹೊರಗಿನಿಂದ ಪ್ರಸಂಗಿಗಳನ್ನು ಕರೆಸಿ ಮೂರು ದಿನದ ವಿಶೇಷ ಕೂಟ ಇಡೋಣವೇ?

ಇಡಿ, ಬೇಡ ಅನ್ನುವುದಿಲ್ಲ. ಆದರೆ ಶಾಮಿಯಾನ, ಮೈಕ್‌ಸೆಟ್, ಮೂರು ಹೊತ್ತಿನ ಊಟ ಅಂತ ವರ್ಷದ ಕಾಣಿಕೆಯಲ್ಲಿ ದೊಡ್ಡ ಪಾಲು ಕರಗಿಸಿದ ಮೇಲೂ ನೀವು ಹೇಳಿದ ತೊಂದರೆ ಹಾಗೇ ಉಳಿದಿರುತ್ತದೆ. ಬಂದ ಪ್ರಸಂಗಿಗೆ ನಿಮ್ಮ ಸಭೆಯ ಒಂದು ಮನೆಯ ಹೆಸರೂ ಗೊತ್ತಿರುವುದಿಲ್ಲ. ಪ್ರೆಸ್ಬಿಟೇರಿಯನ್ ಅನ್ನುವ ಹೆಸರೇ ಹಿರಿಯ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಸಭೆಯನ್ನು ನೋಡಿಕೊಳ್ಳುವುದು ಪಾಸ್ಟರ್ ಒಬ್ಬರ ಪಾಲಿನದಲ್ಲ, ಹಿರಿಯರೆಲ್ಲರದು ಅಂತ ಈ ವ್ಯವಸ್ಥೆ ಕಟ್ಟಿದ್ದಾರೆ. ಹಿರಿಯರು ಅಂದರೆ ಕಾಣಿಕೆ ತಟ್ಟೆ ಹಿಡಿಯುವವರು, ಕ್ರಿಸ್ಮಸ್‌ಗೆ ಸುಣ್ಣಬಣ್ಣದ ಲೆಕ್ಕ ನೋಡುವವರು ಎಂಬಂತಾಗಿರುವುದೇ ಮೂಲ ತೊಂದರೆ.

ಅದಕ್ಕೆ ಮದ್ದು ಮನೆಭೇಟಿ. ಮೊದಲು ಮನೆಗಳನ್ನು ಹಂಚಿಕೊಳ್ಳಿ. 44 ಮನೆ, ನಾಲ್ವರು, ತಲೆಗೆ 11. ವಾರಕ್ಕೆ ಎರಡು ಮನೆಯಂತೆ ಹೋದರೆ ಆರು ವಾರಕ್ಕೆ ಒಂದು ಸುತ್ತು ಮುಗಿಯುತ್ತದೆ. ಹಬ್ಬ, ಮದುವೆ, ಮಳೆ ಕಳೆದರೂ ಒಂದೊಂದು ಮನೆಗೆ ವರ್ಷಕ್ಕೆ ಏಳು ಸಲವಾದರೂ ಹೋದಂತಾಯಿತು. ಹಂಚುವಾಗ ದಾರಿ ನೋಡಿ ಹಂಚಿ: ಒಬ್ಬರಿಗೆ ಗುತ್ತಲು ಕಡೆ, ಒಬ್ಬರಿಗೆ ಕಲ್ಲಹಳ್ಳಿ ಕಡೆ, ಇನ್ನೊಬ್ಬರಿಗೆ ಸ್ವರ್ಣಸಂದ್ರ, ಮತ್ತೊಬ್ಬರಿಗೆ ಸುತ್ತಲ ಹಳ್ಳಿಯ ಮನೆಗಳು. ನೆಂಟಸ್ತನ ನೋಡಿ ಮಾತ್ರ ಹಂಚಬೇಡಿ. ಭಾವನ ಮನೆಗೆ ಭಾವಮೈದ ಹಿರಿಯನಾಗಿ ಹೋದರೆ ಅಲ್ಲಿ ನಡೆಯುವುದು ಜಮೀನಿನ ಮಾತು, ಪ್ರಾರ್ಥನೆಯಲ್ಲ.

ಕರ್ತನ ಭೋಜನದ, ಅಂದರೆ ಸಭೆಯೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಭಾನುವಾರಕ್ಕೆ ಮುಂಚೆ ಒಂದು ಸುತ್ತು ಮುಗಿಯುವಂತೆ ಲೆಕ್ಕ ಹಾಕಿಕೊಳ್ಳಿ. ಇದು ಸ್ಕಾಟ್ಲೆಂಡಿನ ಹಳೆಯ ರೂಢಿ. ಅಲ್ಲಿ ಭೋಜನಕ್ಕೆ ಬರುವವರನ್ನು ಮುಂಚೆಯೇ ಮಾತಾಡಿಸಿ, ಕೈಗೆ ಸೀಸದ ಸಣ್ಣ ಬಿಲ್ಲೆ ಕೊಡುತ್ತಿದ್ದರು. ಆ ಬಿಲ್ಲೆ ತೋರಿಸಿದವರಿಗೆ ಮೇಜಿನ ಬಳಿ ಜಾಗ. ಬಿಲ್ಲೆ ನಮಗೆ ಬೇಡ, ಅದರಲ್ಲಿ ಪೊಲೀಸ್ ವಾಸನೆ ಇದೆ. ಮಾತಾಡಿಸುವುದು ಮಾತ್ರ ಬೇಕು. ಇಬ್ಬರು ಮುಖ ತಿರುಗಿಸಿಕೊಂಡು ಒಂದೇ ರೊಟ್ಟಿಗೆ ಕೈಚಾಚುವುದು ತಪ್ಪುವುದು ಹೀಗೇ.

ಹೋಗುವ ಹೊತ್ತು. ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಹಳ್ಳಿಯಲ್ಲಿ ಸಂಜೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಹೋದರೆ ಮನೆಯ ಹೆಂಗಸರು ಕ್ಯಾನ್ ಹಿಡಿದು ಹೊರಟಿರುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವವರು ಮನೆ ಸೇರುವಾಗಲೇ ಏಳಾಗಿರುತ್ತದೆ. ಅವರಿಗೆ ಭಾನುವಾರ ಆರಾಧನೆಯ ನಂತರವೇ ಸರಿ. ಕಬ್ಬು ಕಡಿಯುವಾಗ, ನಾಟಿ ಹಾಕುವಾಗ ಗದ್ದೆ ಬದುವಿನಲ್ಲೇ ಹತ್ತು ನಿಮಿಷ ಮಾತಾಡಿ ಬಂದರೆ ಸಾಕು. ಇನ್ನೊಂದು ಮುಖ್ಯ: ಆ ಬೀದಿಯಲ್ಲಿ ಸಂಘದ ಕಂತು ಕಟ್ಟುವ ದಿನ ಯಾವುದೆಂದು ತಿಳಿದುಕೊಂಡು ಅವತ್ತು ಹೋಗಬೇಡಿ. ಕಂತಿಗೆ ದುಡ್ಡು ಹೊಂದಿಸುತ್ತಿರುವ ತಾಯಿಗೆ ಬಾಗಿಲಲ್ಲಿ ಬೈಕ್ ನಿಂತ ಸದ್ದೇ ಎದೆ ನಡುಗಿಸುತ್ತದೆ.

ಮನೆಯೊಳಗೆ ಒಟ್ಟು 25ರಿಂದ 30 ನಿಮಿಷ ಇರಿ. ಕಾಫಿ ಕೊಟ್ಟರೆ ಕುಡಿಯಿರಿ. ಸಕ್ಕರೆ ಕಾಯಿಲೆಯಾದರೆ ನೀರಾದರೂ ಕೇಳಿ ಕುಡಿಯಿರಿ. ಹಿರಿಯರು ಯಾರ ಮನೆಯಲ್ಲಿ ಲೋಟ ಮುಟ್ಟಿದರು, ಯಾರ ಮನೆಯಲ್ಲಿ ‘ಈಗಷ್ಟೇ ಆಯ್ತು’ ಅಂದರು ಎಂಬುದು ನಮ್ಮ ಕಡೆ ಒಂದೇ ವಾರದಲ್ಲಿ ಸಭೆಗೆಲ್ಲ ಗೊತ್ತಾಗುತ್ತದೆ. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಮೊದಲ ಹದಿನೈದು ನಿಮಿಷ ಅವರು ಮಾತಾಡಲಿ, ನೀವು ಕೇಳಿ. ‘ಎಲ್ಲಾ ಚೆನ್ನಾಗಿದೀರಾ?’ ಅಂದರೆ ‘ಹೂಂ, ದೇವರ ದಯೆ’ ಅನ್ನುವುದಕ್ಕಿಂತ ಮುಂದೆ ಮಾತು ಹೋಗುವುದಿಲ್ಲ. ‘ಈ ತಿಂಗಳು ಯಾವುದು ಭಾರ ಅನ್ನಿಸ್ತು?’ ಅಂತ ಕೇಳಿ ಸುಮ್ಮನಾಗಿ. ಆ ಮೌನವನ್ನು ನೀವೇ ತುಂಬಬೇಡಿ. ಹೊಸಬರು ಎಡವುವುದು ಇಲ್ಲೇ. ಮೂರು ಸೆಕೆಂಡ್ ತಡೆಯಲಾಗದೆ ಪ್ರಸಂಗ ಶುರು ಮಾಡಿಬಿಡುತ್ತಾರೆ.

ಆಮೇಲೆ ಸತ್ಯವೇದದಿಂದ ಆರರಿಂದ ಹತ್ತು ವಚನ, ಅಷ್ಟೇ. ಎಲ್ಲರಿಗೂ 23ನೇ ಕೀರ್ತನೆಯನ್ನೇ ಓದಬೇಡಿ. ದೂರದೂರಿಗೆ ಕೆಲಸಕ್ಕೆ ಹೊರಟ ಮಗನಿಗೆ 121, ಕಾದು ಕಾದು ಸೋತವರಿಗೆ 13. ನಗುವ ಶಕ್ತಿಯೇ ಇಲ್ಲದವರಿಗೆ 88ನೇ ಕೀರ್ತನೆ. ಅದು ಕೊನೆಗೂ ಬೆಳಕಿಗೆ ಬರುವುದಿಲ್ಲ, ಕತ್ತಲೆ ಎಂಬಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆ. ತಮ್ಮಂಥ ಮಾತು ಸತ್ಯವೇದದಲ್ಲೇ ಇದೆ ಅಂತ ತಿಳಿದಾಗ ಕೆಲವರ ಭುಜ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಕೊನೆಗೆ ಎರಡು ನಿಮಿಷದ ಪ್ರಾರ್ಥನೆ. ಅವರು ಹೇಳಿದ ಮಾತನ್ನು, ಮಕ್ಕಳ ಹೆಸರು ಹಿಡಿದು, ಅವರದೇ ಶಬ್ದಗಳಲ್ಲಿ ದೇವರ ಮುಂದಿಡಿ. ‘ಆಮೆನ್’ ಆದಮೇಲೆ ಎದ್ದುಬಿಡಿ. ಆಮೇಲೆ ಕೂತು ಆಡುವ ಮಾತು ಸಾಮಾನ್ಯವಾಗಿ ಬೇರೆಯವರ ಮನೆಯ ಮಾತೇ.

ಹೆಂಗಸು ಒಬ್ಬರೇ ಇರುವ ಮನೆಗೆ ಒಬ್ಬರೇ ಹೋಗಬೇಡಿ. ನಿಮ್ಮ ಮನೆಯವರನ್ನೋ ಸ್ತ್ರೀಯರ ಕೂಟದ ಒಬ್ಬ ಅಕ್ಕನವರನ್ನೋ ಕರೆದುಕೊಂಡು ಹೋಗಿ.

ರಶೀದಿ ಪುಸ್ತಕ ಮನೆಯಲ್ಲೇ ಬಿಟ್ಟು ಹೋಗಿ. ಈ ಉತ್ತರದಲ್ಲಿ ಇದೊಂದೇ ನೆನಪಿಟ್ಟುಕೊಂಡರೂ ನನಗೆ ಸಾಕು. ಚಂದಾ ಬಾಕಿ ಇರುವವರು ಅದೇ ನಾಚಿಕೆಗೆ ಆರಾಧನೆಗೂ ಬರುವುದನ್ನು ಬಿಟ್ಟಿರುತ್ತಾರೆ. ಹಿರಿಯರ ಕೈಚೀಲದಲ್ಲಿ ಕಾರ್ಬನ್ ಹಾಕಿದ ಪುಸ್ತಕದ ತುದಿ ಕಂಡರೆ ಅವರ ಬಾಯಿ ಅಲ್ಲಿಗೆ ಕಟ್ಟಿತು. ಚಂದಾ ಖಜಾಂಚಿಯ ಕೆಲಸ, ಅದನ್ನು ಅವರೇ ಸಭೆಯ ಅಂಗಳದಲ್ಲಿ ಮಾಡಲಿ. ಚರಿತ್ರೆ ಇದಕ್ಕೆ ಉಲ್ಟಾ ಹೇಳುತ್ತದೆ ಅನ್ನುವುದೂ ನಿಜ. ಮೈಸೂರು ಸೀಮೆಯಲ್ಲಿ ಮೊದಲು ಬೇರೂರಿದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬಹುಪಾಲು ವೆಸ್ಲಿಯನ್ (ಮೆಥಡಿಸ್ಟ್) ಮಿಷನ್ನಿನವು. ಅವರ ಪದ್ಧತಿಯಲ್ಲಿ ‘ಕ್ಲಾಸ್’ ಎಂಬ ಹನ್ನೆರಡು ಜನರ ಗುಂಪಿಗೆ ಒಬ್ಬ ಲೀಡರ್. ಆ ಪದ್ಧತಿ ಹುಟ್ಟಿದ್ದು 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಕಟ್ಟಡದ ಸಾಲ ತೀರಿಸಲು ವಾರಕ್ಕೊಂದು ಪೆನ್ನಿ ವಸೂಲು ಮಾಡಲಿಕ್ಕೆ! ವಸೂಲಿಗೆ ಹೋದವರಿಗೆ ಮನೆಮನೆಯ ಸ್ಥಿತಿ ಕಣ್ಣಿಗೆ ಬಿತ್ತು, ವಸೂಲಿ ಹೋಗಿ ಪಾಲನೆಯಾಯಿತು. ಅಲ್ಲಿ ಕೊಡಲಾಗದವರ ಪೆನ್ನಿಯನ್ನು ಲೀಡರೇ ಹಾಕುವ ಮಾತಿತ್ತು. ನಿಮ್ಮ ಸಭೆಯಲ್ಲೂ ಹಾಗೆ ಮಾಡಲು ತಯಾರಿದ್ದರೆ ಪುಸ್ತಕ ಒಯ್ಯಿರಿ.

ಮನೆಗೆ ಬಂದಮೇಲೆ ಒಂದು ನೋಟ್‌ಬುಕ್‌ನಲ್ಲಿ ನಾಲ್ಕೇ ವಿಷಯ ಬರೆದಿಡಿ: ತಾರೀಖು, ಮನೆ, ಮುಂದೆ ಬರುವ ದಿನಗಳು, ಮತ್ತೆ ಯಾವಾಗ ಹೋಗಬೇಕು. ಮುಂದೆ ಬರುವ ದಿನ ಅಂದರೆ ಆಪರೇಷನ್ ತಾರೀಖು, ಮಗಳ ಪಿಯುಸಿ ಪರೀಕ್ಷೆ, ಕೋರ್ಟಿನ ವಾಯಿದೆ, ತೀರಿಕೊಂಡವರ ವರ್ಷದ ದಿನ. ಆ ಬೆಳಿಗ್ಗೆ ಒಂದು ಫೋನ್ ಮಾಡಿದರೆ ಅರ್ಧ ಗಂಟೆ ಪ್ರಸಂಗಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಗುಟ್ಟಿನ ಮಾತು ಮಾತ್ರ ಬರೆಯಬೇಡಿ. ನೋಟ್‌ಬುಕ್ ಟೇಬಲ್ ಮೇಲೆ ಬಿಟ್ಟು ನೀವು ಸ್ನಾನಕ್ಕೆ ಹೋಗಿರುತ್ತೀರಿ.

ಸಭೆಗಳು ಒಡೆಯುವುದು ‘ಪ್ರಾರ್ಥನಾ ವಿಷಯ’ ಎಂಬ ಹೆಸರಿನಲ್ಲಿ. ‘ಅವರ ಮನೆಗೋಸ್ಕರ ಪ್ರಾರ್ಥಿಸಿ, ಗಂಡ ಮತ್ತೆ ಕುಡೀತಿದಾರಂತೆ’ ಅಂತ ವಾಟ್ಸಾಪ್ ಗ್ರೂಪಿಗೆ ಬಂದರೆ ಆ ಗಂಡ ಇನ್ನೆಂದೂ ಸಭೆಯ ಮೆಟ್ಟಿಲು ಹತ್ತುವುದಿಲ್ಲ. ಆದ್ದರಿಂದ ಹೊರಡುವ ಮುಂಚೆ ಬಾಯಿಬಿಟ್ಟು ಕೇಳಿ: ‘ಇದು ನನ್ನಲ್ಲೇ ಇರಲಾ, ಪಾಸ್ಟರ್‌ಗೆ ಹೇಳಲಾ, ಸಭೆಯಲ್ಲಿ ಹೇಳಬಹುದಾ?’ ಅವರು ಉತ್ತರ ಕೊಡದಿದ್ದರೆ ಅದು ನಿಮ್ಮಲ್ಲೇ ಇರಬೇಕು ಅಂತಲೇ ಅರ್ಥ.

ಭಾನುವಾರ ಕಾಣದವರ ವಿಷಯ. ಒಂದು ವಾರ ಬಾರದಿದ್ದರೆ ಏನೂ ಮಾಡಬೇಡಿ, ಊರಿಗೆ ಹೋಗಿರುತ್ತಾರೆ. ಎರಡನೇ ವಾರ ಫೋನ್. ಮೂರನೇ ವಾರ ಆ ಮಂಗಳವಾರದೊಳಗೆ ಮನೆಗೆ. ‘ಯಾಕೆ ಬರ್ಲಿಲ್ಲ?’ ಅಂತ ಶುರು ಮಾಡಿದರೆ ಅದು ಹಾಜರಾತಿ ಕೂಗಿದಂತೆ, ಸುಳ್ಳು ಕಾರಣ ಸಿಗುತ್ತದೆ. ‘ನಿಮ್ಮ ಜಾಗ ಖಾಲಿ ಕಾಣಿಸ್ತು, ಅದಕ್ಕೆ ಬಂದೆ’ ಅನ್ನಿ. ಮೂರು ತಿಂಗಳು ಬಿಟ್ಟು ಹೋದರೆ ‘ಇಷ್ಟು ದಿನ ಎಲ್ಲಿದ್ರಿ’ ಅಂತ ಅವರೇ ಕೇಳುತ್ತಾರೆ. ಸಭೆಯಾಗಿ ಕೂಡುವುದನ್ನು ಬಿಡಬೇಡಿರಿ ಎಂಬ ಇಬ್ರಿಯರಿಗೆ 10:25ನ್ನು ಇಂಥ ಮನೆಯಲ್ಲಿ ಬೆತ್ತದಂತೆ ಬಳಸುವವರಿದ್ದಾರೆ. ಅದರ ಹಿಂದಿನ ವಚನ ಓದಿ; ಅದು ಒಬ್ಬರನ್ನೊಬ್ಬರು ಪ್ರೀತಿಗೆ ಪ್ರೇರೇಪಿಸುವ ಮಾತು, ಉಳಿದವರಿಗೂ ಅನ್ವಯಿಸುತ್ತದೆ.

ಸಾವಿನ ಮನೆಗೆ ಮೊದಲ ದಿನ ಎಲ್ಲರೂ ಹೋಗುತ್ತಾರೆ. ನಿಮ್ಮ ಸರದಿ ಮೂರನೇ ವಾರ. ನೆಂಟರು ಬಸ್ ಹತ್ತಿ, ಬಾಡಿಗೆ ಕುರ್ಚಿ ವಾಪಸಾಗಿ, ಮನೆಯಲ್ಲಿ ಒಂದು ತಟ್ಟೆ ಕಮ್ಮಿ ಅನ್ನುವುದು ನಿಜವಾಗಿ ಗೊತ್ತಾಗುವುದು ಆಗಲೇ. ಆಮೇಲೆ ಮೊದಲ ಕ್ರಿಸ್ಮಸ್. ‘ದೇವರ ಚಿತ್ತ’ ಎಂಬ ಮಾತನ್ನು ಅವರು ಆಡಿದರೆ ಹೂಂಗುಟ್ಟಿ, ನೀವಾಗಿ ಆಡಬೇಡಿ. ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕೂತಷ್ಟು ಹೊತ್ತು ಸರಿಯಾಗಿಯೇ ಇದ್ದರು, ಬಾಯಿ ತೆರೆದ ಮೇಲೆ ಕೆಟ್ಟರು.

ಆಸ್ಪತ್ರೆಗೆ, ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್ ಆಗಲಿ ಮೈಸೂರಿನ ಕೆ.ಆರ್. ಆಸ್ಪತ್ರೆ ಆಗಲಿ, ಇಬ್ಬರಿಗಿಂತ ಹೆಚ್ಚು ಜನ ಬೇಡ, ಏಳೆಂಟು ನಿಮಿಷ ಸಾಕು. ರೋಗಿ ಕತ್ತು ತಿರುಗಿಸದೆ ಕಾಣುವ ಕಡೆ, ಕಾಲ ಬಳಿ ನಿಲ್ಲಿ. ಮಂಚದ ಮೇಲೆ ಕೂರಬೇಡಿ, ಹೊಲಿಗೆ ಹಾಕಿದವರಿಗೆ ಹಾಸಿಗೆ ಅಲುಗಿದರೂ ನೋವು. ಪಕ್ಕದ ಮಂಚಗಳಲ್ಲೂ ರೋಗಿಗಳಿರುತ್ತಾರೆ, ಮೆಲುದನಿಯಲ್ಲಿ ಪ್ರಾರ್ಥಿಸಿ. ಸಭೆಯ ಹಿರಿಯರನ್ನು ಕರೆಸಲಿ ಅಂತ ಯಾಕೋಬ 5:14ರಲ್ಲಿದೆ, ಮಾತ್ರೆ ನಿಲ್ಲಿಸಲಿ ಅಂತ ಇಲ್ಲ. ಯಾರಾದರೂ ‘ಬದುಕಿ ಏನು ಪ್ರಯೋಜನ’ ಅನ್ನುವ ಮಾತಾಡಿದರೆ ‘ಸಾಯೋ ಯೋಚನೆ ಬರ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಟ್ಟು ಬರಬೇಡಿ. ಮನೆಯಲ್ಲಿ ಕೀಟನಾಶಕದ ಡಬ್ಬ ಇದ್ದರೆ ಬೇರೆ ಕಡೆ ಸಾಗಿಸಿ. ಅಲ್ಲಿಂದಲೇ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಗುಟ್ಟಾಗಿಡುವ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ.

ಸಾಲ ಕೇಳುತ್ತಾರೆ, ಖಂಡಿತ ಕೇಳುತ್ತಾರೆ. ಜೇಬಿನಿಂದ ಕೊಡಬೇಡಿ, ಮುಂದಿನ ಸಲ ನಿಮ್ಮನ್ನು ಕಂಡರೆ ಅವರು ಹಿತ್ತಲ ಬಾಗಿಲು ಹಿಡಿಯುತ್ತಾರೆ. ಸಭೆಯಿಂದ ಕೊಡಿಸುತ್ತೇನೆ ಅಂತಲೂ ಮಾತು ಕೊಡಬೇಡಿ. ನಮ್ಮ ಪದ್ಧತಿಯಲ್ಲಿ ಒಬ್ಬ ಹಿರಿಯನಿಗೆ ಒಂಟಿಯಾಗಿ ಅಧಿಕಾರವಿಲ್ಲ, ನಿರ್ಧಾರ ಸೆಷನ್ನಿನದು, ಅಂದರೆ ಪಾಸ್ಟರ್, ಹಿರಿಯರೆಲ್ಲ ಸೇರಿದ ಆಡಳಿತ ಮಂಡಳಿಯದು. ಸಹಾಯನಿಧಿ ಇದ್ದರೆ ಅಕ್ಕಿ, ಔಷಧಿ, ಸ್ಕೂಲ್ ಫೀಸು ಅಂತ ನೇರ ಅಂಗಡಿಗೋ ಶಾಲೆಗೋ ಕಟ್ಟಿ, ವಾಪಸು ಕೇಳದ ಸಹಾಯವಾಗಿ. ಫೈನಾನ್ಸ್‌ನವರು ಮನೆ ಮುಂದೆ ಬಂದು ಕಿರುಕುಳ ಕೊಡುತ್ತಿದ್ದರೆ, 2025ರಲ್ಲಿ ರಾಜ್ಯ ಸರ್ಕಾರ ಅದರ ವಿರುದ್ಧವೇ ಸುಗ್ರೀವಾಜ್ಞೆ ತಂದಿತು. ಪೊಲೀಸ್ ಠಾಣೆಗೆ ಜೊತೆಯಲ್ಲಿ ಹೋಗುವುದೂ ಹಿರಿಯರ ಕೆಲಸವೇ.

ಮನೆಪ್ರಾರ್ಥನೆ ಕೂಟಕ್ಕೆ ಒಂದೇ ನಿಯಮ: ಕಾಫಿ, ಬಿಸ್ಕತ್ತು, ಮುಗೀತು. ಒಂದು ಮನೆಯಲ್ಲಿ ಕೇಸರಿಬಾತ್ ಮಾಡಿದರೆ ಮುಂದಿನ ಮನೆಯಲ್ಲಿ ಬಿರಿಯಾನಿ, ಅದರ ಮುಂದಿನ ಮನೆಯವರು ‘ಈ ತಿಂಗಳು ನಮ್ಮಲ್ಲಿ ಬೇಡ’ ಅನ್ನುತ್ತಾರೆ.

ಸೆಷನ್ ಸಭೆಯಲ್ಲಿ ಮೊದಲ ಮುಕ್ಕಾಲು ಗಂಟೆ ಮನೆಗಳ ಹೆಸರು ಹಿಡಿದು ಮಾತಾಡಿ, ಪ್ರಾರ್ಥಿಸಿ. ಚಾವಣಿ, ಪೇಂಟು, ಸುಗ್ಗಿ ಹಬ್ಬದ ಹರಾಜು ಆಮೇಲೆ. ಹಣದ ವಿಷಯ ಮೊದಲು ತೆಗೆದರೆ ರಾತ್ರಿ ಒಂಬತ್ತೂವರೆಯಾದರೂ ಮುಗಿಯುವುದಿಲ್ಲ, ಮನೆಗಳ ಹೆಸರು ಮುಂದಿನ ತಿಂಗಳಿಗೆ ಹೋಗುತ್ತದೆ.

ಇನ್ನೊಂದು ಮನೆ ನಿಮ್ಮ 44ರ ಪಟ್ಟಿಯಲ್ಲಿ ಇರಲಾರದು. ಪ್ರೆಸ್ಬಿಟೇರಿಯನ್ ಪದ್ಧತಿಯಲ್ಲಿ ಪಾಸ್ಟರ್‌ರ ಸದಸ್ಯತ್ವ ಸ್ಥಳೀಯ ಸಭೆಯದಲ್ಲ, ಪ್ರೆಸ್ಬಿಟರಿಯದು, ಅಂದರೆ ಆ ಪ್ರದೇಶದ ಹಲವು ಸಭೆಗಳ ಮೇಲಿನ ಮಂಡಳಿಯದು. ಹಾಗಾಗಿ ಅವರ ಮನೆ ಯಾವ ಹಿರಿಯರ ಪಾಲಿಗೂ ಬರುವುದಿಲ್ಲ, ಯಾರೂ ಹೋಗುವುದಿಲ್ಲ. ಹೋದವರೂ ಕಟ್ಟಡದ ಮಾತಿಗೋ ದೂರಿಗೋ ಹೋಗಿರುತ್ತಾರೆ. ಈ ವಾರದ ಎರಡು ಮನೆಗಳಲ್ಲಿ ಒಂದು ಅದಾಗಲಿ. ಅದೇ ಪ್ರಶ್ನೆ ಕೇಳಿ, ಅದೇ ರೀತಿ ಸುಮ್ಮನಿರಿ, ಅರ್ಧ ಗಂಟೆಗೆ ಎದ್ದು ಬನ್ನಿ.