ಉದ್ಯಮಬಾಗದ ಆಫೀಸಿನಲ್ಲಿ ಒಂದು ವರ್ಷ: ಹೊರಗಿನಿಂದ ಬರುವ ಬಿಬಿಎ ಹುಡುಗರಿಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಆಫೀಸ್ ಅಪ್ರೆಂಟಿಸ್ ಆಗಿ ಸೇರುವ ಬಿಬಿಎ, ಬಿಕಾಂ ಹುಡುಗ-ಹುಡುಗಿಯರಿಗೆ ಏನು ಕೆಲಸ ಇರುತ್ತದೆ ಎಂದು ಕೇಳಿದ್ದೀರಿ. ಹೆಚ್ಚಿನ ಪಾಲು ಸರಕು ಗಡಿ ದಾಟುವ ಕಾಗದದ ಕೆಲಸ. ಉದ್ಯಮಬಾಗ, ಮಚ್ಛೆ, ಹೊನಗಾ ಕಡೆಯ ಫೌಂಡ್ರಿಗಳ ಎರಕದ ಮಾಲು ಮಷೀನಿಂಗ್‌ಗೆಂದು ಮಹಾರಾಷ್ಟ್ರದ ಕೊಲ್ಲಾಪುರ ಕಡೆಯ ಕಾಗಲ್, ಗೋಕುಳ ಶಿರಗಾಂವ್, ಶಿರೋಲಿಗೆ ಹೋಗುತ್ತದೆ; ಅಲ್ಲಿಯ ಮಾಲು ಇಲ್ಲಿಗೂ ಬರುತ್ತದೆ. ಕೊಲ್ಲಾಪುರ ಇಲ್ಲಿಂದ ಹೆಚ್ಚುಕಡಿಮೆ 110 ಕಿಲೋಮೀಟರ್. ನಿಪ್ಪಾಣಿ ದಾಟಿ ಕೊಗನೊಳ್ಳಿ ಬಂತೆಂದರೆ ನಮ್ಮ ರಾಜ್ಯ ಮುಗಿಯಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಅಲ್ಲಿ ತೆರಿಗೆಯ ಚೆಕ್‌ಪೋಸ್ಟಿನಲ್ಲಿ ಗಾಡಿ ಸಾಲುಗಟ್ಟುವುದು ನಿಂತಿತು. ಆದರೆ ಅಲ್ಲಿ ನೋಡುತ್ತಿದ್ದುದನ್ನೆಲ್ಲ ಈಗ ಆಫೀಸಿನಲ್ಲೇ, ಗಾಡಿ ಬಿಡುವ ಮೊದಲೇ, ಸರಿಮಾಡಿ ಕಳಿಸಬೇಕು. ಆ ಮೇಜಿನ ಮುಂದೆಯೇ ನಿಮ್ಮನ್ನು ಕೂರಿಸುತ್ತಾರೆ.

ಸೇರುವ ಮುಂಚೆ ಒಂದನ್ನು ಖಾತ್ರಿ ಮಾಡಿಕೊಳ್ಳಿ: ನಿಮ್ಮನ್ನು ತೆಗೆದುಕೊಳ್ಳುತ್ತಿರುವುದು 1961ರ ಅಪ್ರೆಂಟಿಸ್ ಕಾಯ್ದೆಯ ಕರಾರಿನ ಮೇಲೋ, ಬರೀ ‘ಟ್ರೇನಿ’ ಎಂಬ ಹೆಸರಿನಲ್ಲೋ. 2014ರ ತಿದ್ದುಪಡಿಯಾದ ಮೇಲೆ ಎಂಜಿನಿಯರಿಂಗ್ ಅಲ್ಲದ ಪದವೀಧರರಿಗೂ ಈ ಕಾಯ್ದೆಯ ಬಾಗಿಲು ತೆರೆದಿದೆ. 30 ಅಥವಾ ಹೆಚ್ಚು ಕೆಲಸಗಾರರಿರುವ ಕಂಪನಿ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಒಟ್ಟು ಮಂದಿಯ ಶೇ. 2.5ರಿಂದ 15ರವರೆಗೆ. ನ್ಯಾಟ್ಸ್ (ಕೇಂದ್ರ ಸರ್ಕಾರದ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ನೀವೂ ಕಂಪನಿಯೂ ನೋಂದಾಯಿಸಿಕೊಂಡು ಕರಾರಿಗೆ ಸಹಿಯಾಗಬೇಕು. ಅದರ ಪ್ರತಿ ಮೊದಲ ವಾರದಲ್ಲೇ ನಿಮ್ಮ ಕೈಯಲ್ಲಿರಲಿ. ಕರಾರೇ ನೋಂದಣಿಯಾಗದಿದ್ದರೆ ವರ್ಷದ ಕೊನೆಗೆ ಪ್ರಮಾಣಪತ್ರ ಬರುವುದಿಲ್ಲ, ಸರ್ಕಾರದ ಪಾಲಿನ ಹಣವೂ ಬರುವುದಿಲ್ಲ. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ (ತರಬೇತಿ ಭತ್ಯೆ) ಎಂದು ನಿಗದಿಯಾಗಿತ್ತು. ಆ ಕನಿಷ್ಠದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಆಧಾರ್ ಜೋಡಿಸದ ಬ್ಯಾಂಕ್ ಖಾತೆ ಕೊಟ್ಟವರ ಹಣ ಇಲ್ಲೇ ಸಿಕ್ಕಿಕೊಳ್ಳುತ್ತದೆ. ನಮ್ಮ ಕಡೆಯ ಕಂಪನಿಗಳಿಗೆ ಚೆನ್ನೈನ ತರಬೇತಿ ಮಂಡಳಿ. ಕಾಗಲ್‌ನಲ್ಲಿ ಸೇರಿದರೆ ಮುಂಬೈ ಮಂಡಳಿ. ಒಂದೂವರೆ ತಾಸಿನ ದಾರಿಯ ಅಂತರದಲ್ಲಿ ದೂರು ಕೊಡುವ ಊರೇ ಬದಲಾಗುತ್ತದೆ. ಪಿಎಫ್, ಇಎಸ್‌ಐ ಅಪ್ರೆಂಟಿಸ್‌ಗೆ ಇಲ್ಲ. ವರ್ಷ ಮುಗಿದ ಮೇಲೆ ಪಗಾರದ ನೌಕರಿ ಕೊಡಲೇಬೇಕೆಂಬ ಕಟ್ಟಳೆಯೂ ಇಲ್ಲ. ಆದರೆ ತರಬೇತಿಯ ವೇಳೆ ಪೆಟ್ಟಾದರೆ ಪರಿಹಾರ ಕೊಡುವುದು ಕಂಪನಿಯ ಹೊಣೆ. ಮಾಲು ಎಣಿಸಲು ಅಂಗಳಕ್ಕೆ ಇಳಿಯಬೇಕಾದವರಿಗೆ ಇದು ಗೊತ್ತಿರಬೇಕು.

ಹೊರಗಿನವರು ಮೊದಲ ತಿಂಗಳು ಎಡವುವುದು ಲೆಕ್ಕದಲ್ಲಲ್ಲ, ಕಿವಿಯಲ್ಲಿ. ಸರ್ಕಾರಿ ಕಚೇರಿಯ ಪತ್ರ ಕನ್ನಡದಲ್ಲಿ, ಕೊಲ್ಲಾಪುರದ ಖರೀದಿ ವಿಭಾಗದ ಫೋನು ಮರಾಠಿಯಲ್ಲಿ, ಅಂಗಳದ ಕೂಲಿಯವರ ಜತೆ ಹಿಂದಿ. ಸ್ಟೋರಿನ ಹಿರಿಯರನ್ನು ‘ಕಾಕಾ’ ಎಂದು ಕರೆದು ಕೇಳಿದರೆ ಯಾವ ಭಾಷೆಯಲ್ಲಾದರೂ ತಾಳ್ಮೆಯಿಂದ ಹೇಳಿಕೊಡುತ್ತಾರೆ. ಮರಾಠಿ ಪೂರ್ತಿ ಬರಬೇಕಿಲ್ಲ, ಅದರ ಸಂಖ್ಯೆಗಳು ಮಾತ್ರ ಬರಲೇಬೇಕು. ದೀಡ್‌ಶೇ ಎಂದರೆ 150, ಅಡೀಚ್‌ಶೇ 250, ಸವ್ವಾ ದೋನ್‌ಶೇ 225, ಪಾವಣೇ ದೋನ್‌ಶೇ 175. ಈ ಕೊನೆಯದರಲ್ಲೇ ತಪ್ಪು ಜಾಸ್ತಿ: ‘ದೋನ್‌ಶೇ’ ಕಿವಿಗೆ ಬಿದ್ದೊಡನೆ 200 ಎಂದು ಬರೆದುಬಿಡುತ್ತಾರೆ, 25 ನಗ (ಬಿಡಿ ಮಾಲು) ಹೆಚ್ಚು ಹೋಗುತ್ತದೆ. ಫೋನಿನಲ್ಲಿ ಕೇಳಿದ ಸಂಖ್ಯೆಯನ್ನು ಬಿಡಿ ಬಿಡಿಯಾಗಿ, ‘ಒಂದು, ಏಳು, ಐದು’ ಎಂದು ತಿರುಗಿ ಹೇಳಿ, ವಾಟ್ಸಾಪಿನಲ್ಲೂ ಬರೆಸಿಕೊಳ್ಳಿ. ಹಳೆಯ ಅಂಗಡಿಗಳ ಜತೆ ವ್ಯವಹಾರವಿದ್ದರೆ ಕೀರ್ದಿ, ಖತಾವಣಿ, ಉದ್ರಿ, ರೋಖ ಎಂಬ ಮಾತುಗಳೂ ಬೀಳುತ್ತವೆ: ದಿನದ ಜಮಾ-ಖರ್ಚಿನ ಪುಸ್ತಕ, ಖಾತೆವಾರು ಲೆಕ್ಕ, ಸಾಲ, ನಗದು.

ಇನ್ನು ಬಿಲ್ಲು. ಜಿಎಸ್‌ಟಿ ನಂಬರಿನ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ್ದು: ಕರ್ನಾಟಕ 29, ಮಹಾರಾಷ್ಟ್ರ 27, ಗೋವಾ 30. ನಡುವಿನ ಹತ್ತು ಪ್ಯಾನ್. ಗಡಿಯ ಎರಡೂ ಬದಿ ಘಟಕ ಇರುವ ಗಿರಾಕಿಗೆ ಪ್ಯಾನ್ ಒಂದೇ, ನಂಬರ್ ಎರಡು. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಹೆಸರು ಹುಡುಕಿದರೆ ಎರಡೂ ಒಂದರ ಕೆಳಗೊಂದು ಬರುತ್ತವೆ. ಅವಸರದಲ್ಲಿ 27ರ ಬದಲು 29 ಆಯ್ದರೆ ಒಂದು ಲಕ್ಷದ ಮಾಲಿಗೆ 18,000 ಐಜಿಎಸ್‌ಟಿ (ರಾಜ್ಯ ದಾಟುವ ಮಾಲಿನ ತೆರಿಗೆ) ಬರುವ ಕಡೆ, ರಾಜ್ಯದೊಳಗಿನ ಮಾರಾಟದಂತೆ 9,000 ಸಿಜಿಎಸ್‌ಟಿ (ಕೇಂದ್ರದ ಪಾಲು), 9,000 ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಬೀಳುತ್ತದೆ. ಒಟ್ಟು ಎರಡರಲ್ಲೂ 1,18,000. ಹಾಗಾಗಿ ಮೊತ್ತ ನೋಡಿ ಸಹಿ ಹಾಕುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಗಿರಾಕಿಯ 2ಬಿಯಲ್ಲಿ (ಅವರಿಗೆ ಸಿಗುವ ತೆರಿಗೆ ಜಮೆಯನ್ನು ತೋರಿಸುವ ಜಿಎಸ್‌ಟಿ ಪಟ್ಟಿ) ಬಿಲ್ಲು ಕಾಣದೆ, ಅವರು ಹಣ ತಡೆದಾಗಲೇ ಗೊತ್ತಾಗುವುದು. ರಿಟರ್ನ್ ತುಂಬಿ ತೆರಿಗೆ ಕಟ್ಟಿಯೂ ಆಗಿದ್ದರೆ, ತಪ್ಪಾಗಿ ಕಟ್ಟಿದ್ದು ತಾನಾಗಿ ಐಜಿಎಸ್‌ಟಿ ಕಡೆಗೆ ಬರುವುದಿಲ್ಲ: ಸರಿಯಾದ ತೆರಿಗೆಯನ್ನು ಮತ್ತೆ ಕಟ್ಟಿ, ಮೊದಲಿನದನ್ನು ರೀಫಂಡ್ ಕೇಳಬೇಕು. ಅದಕ್ಕೇ ಬಿಲ್ಲು ಛಾಪಿಸುವ ಮುನ್ನ ಮೊತ್ತವನ್ನಲ್ಲ, ಆ ಮೊದಲ ಎರಡು ಅಂಕಿಗಳನ್ನು ಖರೀದಿ ಆರ್ಡರಿನೊಂದಿಗೆ ತಾಳೆ ನೋಡಿ.

ಮಷೀನಿಂಗ್‌ಗೆ ಹೋಗುವ ಮಾಲು ಮಾರಾಟವಲ್ಲ, ಹಾಗಾಗಿ ಅದಕ್ಕೆ ಬಿಲ್ಲಲ್ಲ, ಡೆಲಿವರಿ ಚಲನ್. ಮೂರು ಪ್ರತಿ: ಮೂಲ ಮಾಲು ಪಡೆಯುವವರಿಗೆ, ಎರಡನೆಯದು ಗಾಡಿಯವರಿಗೆ, ಮೂರನೆಯದು ನಮ್ಮ ಫೈಲಿಗೆ. ಇಲ್ಲಿ ಕಷ್ಟ ಕೊಡುವುದು ತೂಕ. ತಲಾ 12 ಕಿಲೋದ 100 ನಗ ಹೋದವೆನ್ನಿ, 1,200 ಕಿಲೋ. ಮಷೀನಾಗಿ ಬರುವಾಗ ತಲಾ 10.8ರಂತೆ 1,080. ಉಳಿದ 120 ಕಿಲೋ ಬೋರಿಂಗ್ (ಮಷೀನಿನಲ್ಲಿ ಕೊರೆದ ಕಬ್ಬಿಣದ ಪುಡಿ) ಆಗಿ ಅಲ್ಲೇ ಬಿದ್ದಿರುತ್ತದೆ. ಬರುವ ಚಲನ್‌ನಲ್ಲಿ ಬರೀ ‘100 ನಗ’ ಎಂದಿದ್ದರೆ ನಮ್ಮ ಸ್ಟಾಕಿನಲ್ಲಿ 120 ಕಿಲೋ ಕಬ್ಬಿಣ ಕಳೆದುಹೋದಂತೆ ತೋರುತ್ತದೆ. ನಗ, ಕಿಲೋ ಎರಡನ್ನೂ ಬರೆಸಿ, ಕಾಟಾ (ತೂಕದ) ಚೀಟಿಯನ್ನು ಚಲನ್‌ಗೆ ಪಿನ್ ಮಾಡಿ, ಬೋರಿಂಗ್ ವಾಪಸ್ ಬರುತ್ತದೋ ಅವರೇ ಮಾರುತ್ತಾರೋ ಎಂಬುದನ್ನು ರಿಜಿಸ್ಟರಿನಲ್ಲಿ ಕಾಣಿಸಿ.

ಇ-ವೇ ಬಿಲ್ಲು ಎಂದರೆ ಮಾಲು ಸಾಗಿಸಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ತೆಗೆಯುವ ಪರವಾನಗಿ; ಅದರ ನಿಯಮ ಗಡಿಯಲ್ಲಿ ಮೂರು ಬಗೆ. ಕರ್ನಾಟಕದೊಳಗೆ ಮಾಲಿನ ಬೆಲೆ 50,000 ದಾಟಿದರೆ ಬೇಕು. ಮಹಾರಾಷ್ಟ್ರದೊಳಗೆ ಒಂದು ಲಕ್ಷ ದಾಟಿದರೆ. ಮಷೀನಿಂಗ್‌ನಂಥ ಜಾಬ್ ವರ್ಕಿಗೆ ರಾಜ್ಯ ದಾಟಿದರೆ ಬೆಲೆ ಎಷ್ಟೇ ಇರಲಿ, ಬೇಕೇ ಬೇಕು. ‘ಎಂಟು ಸಾವಿರದ ಸ್ಯಾಂಪಲ್ಲಿಗೆ ಯಾಕೆ’ ಎಂದು ಹಾಗೇ ಕಳಿಸಿದ ಗಾಡಿಯೇ ದಾರಿಯಲ್ಲಿ ನಿಲ್ಲುತ್ತದೆ. ಅವಧಿ 200 ಕಿಲೋಮೀಟರಿಗೆ ಒಂದು ದಿನ. ಕೊಲ್ಲಾಪುರಕ್ಕೆ ಒಂದು, ಪುಣೆಗೆ ಎರಡು. ನಿಪ್ಪಾಣಿಯಲ್ಲಿ ಗಾಡಿ ಕೆಟ್ಟು ಕೆಎ 22ರ (ಬೆಳಗಾವಿ ಗಾಡಿಯ) ಮಾಲನ್ನು ಎಂಎಚ್ 09ಕ್ಕೆ (ಕೊಲ್ಲಾಪುರದ ಗಾಡಿಗೆ) ಏರಿಸಿದರೆ, ಆ ಗಾಡಿ ಹೊರಡುವ ಮುನ್ನ ಇ-ವೇ ಬಿಲ್ಲಿನಲ್ಲಿ ಗಾಡಿ ನಂಬರಿರುವ ಪಾರ್ಟ್ ಬಿ ಬದಲಿಸಬೇಕು. ಚಾಲಕರಿಗೆ ನಿಮ್ಮ ನಂಬರ್ ಕೊಟ್ಟು, ಗಾಡಿ ಬದಲಾದರೆ ಮೊದಲು ಫೋನ್ ಮಾಡಿ ಎಂದು ಹೇಳಿಡಿ. ಗಾಡಿ ನಂಬರಿನಲ್ಲಿ ಒಂದೆರಡು ಅಂಕಿ ತಪ್ಪಿದ್ದರೆ 2018ರ ಸುತ್ತೋಲೆಯಂತೆ 1,000 ರೂಪಾಯಿಗೆ ಮುಗಿಯುತ್ತದೆ. ಇ-ವೇ ಬಿಲ್ಲೇ ಇಲ್ಲದಿದ್ದರೆ ದಂಡ ತೆರಿಗೆಯ ಎರಡು ಪಟ್ಟು, ಅಂದರೆ ಲಕ್ಷದ ಮಾಲಿಗೆ 36,000. ಆ 9,000ದ ಲೆಕ್ಕದಲ್ಲಿ ನಾಲ್ಕು ತಿಂಗಳ ಸ್ಟೈಪೆಂಡ್ ಅದು. ತಪ್ಪಾಗಿ ತೆಗೆದ ಇ-ವೇ ಬಿಲ್ಲನ್ನು 24 ತಾಸಿನೊಳಗೆ ರದ್ದು ಮಾಡಬಹುದು, ಆಮೇಲೆ ಆಗದು.

ರಜೆಯ ಪಟ್ಟಿ ಎರಡೂ ರಾಜ್ಯದ್ದು ಗೋಡೆಯ ಮೇಲಿರಲಿ. ನವೆಂಬರ್ 1ಕ್ಕೆ ನಮ್ಮಲ್ಲಿ ರಜೆ, ಕೊಲ್ಲಾಪುರದವರು ಮಾಲು ಕೇಳುತ್ತಾರೆ. ಫೆಬ್ರವರಿ 19ರ ಶಿವಜಯಂತಿಗೆ ಅಲ್ಲಿ ರಜೆ, ನಮ್ಮ ಗಾಡಿ ಗೇಟಿನ ಹೊರಗೆ ನಿಂತು ಇ-ವೇ ಬಿಲ್ಲಿನ ಅವಧಿ ತೀರುತ್ತದೆ. ಅವಧಿ ವಿಸ್ತರಿಸಲು ಮುಗಿಯುವ ಎಂಟು ತಾಸು ಮುಂಚೆ, ಎಂಟು ತಾಸು ನಂತರ ಮಾತ್ರ ಅವಕಾಶ. ತಿಂಗಳು ತಿಂಗಳು ರಿಟರ್ನ್ ತುಂಬುವ ಕಂಪನಿಯಾದರೆ 11ನೇ ತಾರೀಖಿಗೆ ಜಿಎಸ್‌ಟಿಆರ್-1 (ಮಾರಾಟದ ಬಿಲ್ಲುಗಳ ವಿವರ), 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್). ಆ ಹಿಂದುಮುಂದಿನ ದಿನಗಳಲ್ಲಿ ರಜೆ ಕೇಳದಿರುವುದು ಒಳ್ಳೆಯದು.

ಬಿಟ್ಟು ಹೋಗುವ ತಿಂಗಳು ಚಲನ್ ರಿಜಿಸ್ಟರನ್ನು ಮೊದಲ ಪುಟದಿಂದ ನೋಡಿ. ಹೊರಗೆ ಕಳಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ, ಕಳಿಸಿದ ದಿನವೇ ಮಾರಿದಂತೆ ಲೆಕ್ಕ ಹಿಡಿದು ಬಡ್ಡಿ ಸಮೇತ ತೆರಿಗೆ ಬೀಳುತ್ತದೆ. ನೀವು ಸೇರಿದ ವಾರದಲ್ಲಿ ಬರೆದ ಚಲನ್‌ಗಳಿಗೆ ಆ ವರ್ಷ ತುಂಬುವುದು ಸರಿಯಾಗಿ ನೀವು ಹೊರಡುವ ವಾರ. ಬಾಕಿ ಇರುವವನ್ನು ತಾರೀಖಿನ ಸಮೇತ ಬರೆದು, ಮುಂದೆ ಆ ಮೇಜಿಗೆ ಬರುವವರ ಕೈಗೆ ಕೊಟ್ಟು ಹೊರಡಿ.