ಬಿಯರ್ಡೆಡ್ ಡ್ರ್ಯಾಗನ್ ಸಾಕಿದ ಮನೆಯೊಳಗೆ ಅಪಾಯದ ಹುಳ ಬರದಂತೆ ತಡೆಯೋದು ಹೇಗೆ?

ಪೆಸ್ಟ್ ಕಂಟ್ರೋಲ್‌ನವರಿಗೆ ಫೋನ್ ಮಾಡೋ ಮೊದಲು ಸ್ವಲ್ಪ ತಡೀರಿ. ನ್ಯೂಜೆರ್ಸಿಯಲ್ಲಿ ಮನೆ, ಮಗಳಿಗೆ ಬಿಯರ್ಡೆಡ್ ಡ್ರ್ಯಾಗನ್ ಅನ್ನೋ ಸಾಕು ಹಲ್ಲಿ ತಂದಿದ್ದೀರಿ, ಜೂನ್ ಬಂದ ಮೇಲೆ ಒಳಗೆ ಹುಳ ಜಾಸ್ತಿಯಾಗಿವೆ, ಯಾವುದಕ್ಕೆ ಹೆದರಬೇಕು ಅಂತ ಕೇಳಿದ್ದೀರಿ. ನಾನು ಪಕ್ಕದ ಪೆನ್ಸಿಲ್ವೇನಿಯಾದಲ್ಲಿದ್ದೇನೆ, ನಮ್ಮನೆಯಲ್ಲೂ ಒಂದಿದೆ. ಎಲ್ಲ ಹುಳಕ್ಕೂ ಹೆದರಬೇಕಾಗಿಲ್ಲ. ಮೊದಲು ಹೆದರಬೇಕಾದ್ದು ಮಿಂಚುಹುಳಕ್ಕೆ.

ಹೌದು, ಸಂಜೆ ಹಿತ್ತಲಲ್ಲಿ ಮಿಣ ಮಿಣ ಅನ್ನುತ್ತಲ್ಲ, ಅದೇ. ಅದರ ಮೈಯಲ್ಲಿ ಲೂಸಿಬುಫಾಜಿನ್ ಅನ್ನೋ ವಿಷ ಇದೆ. ನೆಲಗಪ್ಪೆಯ ಮೈಯಲ್ಲಿರೋ ವಿಷದ ಜಾತಿಯದೇ, ಹೃದಯಕ್ಕೆ ಹೊಡೆಯುತ್ತದೆ. ಒಂದೇ ಒಂದು ಹುಳ ತಿಂದು ಬಿಯರ್ಡೆಡ್ ಡ್ರ್ಯಾಗನ್‌ಗಳು ಸತ್ತದ್ದನ್ನು 1999ರಲ್ಲೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್ ಮತ್ತು ಜೊತೆಯವರು ಬರೆದು ಪ್ರಕಟಿಸಿದ್ದಾರೆ. ನಿಮ್ಮ ಮಗಳ ಪ್ರಾಣಿ ನಮ್ಮೂರ ಓತಿಕ್ಯಾತದ ನೆಂಟ, ಮೂಲ ಆಸ್ಟ್ರೇಲಿಯಾ. ಅಲ್ಲಿ ಅಮೆರಿಕದ ಈ ಮಿಂಚುಹುಳ ಇಲ್ಲ, ಹಾಗಾಗಿ ಇದು ಕಹಿ, ಉಗುಳಬೇಕು ಅನ್ನೋ ಬುದ್ಧಿ ಅದಕ್ಕೆ ಬಂದಿಲ್ಲ. ಮಿನುಗಿದ್ದು ಕಂಡರೆ ತಲೆ ವಾರೆ ಮಾಡಿ ಒಂದು ಕ್ಷಣ ನೋಡುತ್ತೆ, ಆಮೇಲೆ ನಾಲಿಗೆ ಹೊರಗೆ, ಹುಳ ಒಳಗೆ.

ಹಗಲಲ್ಲಿ ಗುರುತು ಹಿಡಿಯೋದು ಕಷ್ಟ, ಯಾಕಂದ್ರೆ ಆಗ ಮಿನುಗಲ್ಲ, ಸಣ್ಣ ಜಿರಲೆ ಅಂದ್ಕೊಂಡು ಬಿಟ್ಟುಬಿಡ್ತೀವಿ. ಸುಮಾರು ಒಂದು ಸೆಂಟಿಮೀಟರ್ ಉದ್ದ, ಕಪ್ಪು ರೆಕ್ಕೆ, ರೆಕ್ಕೆಯ ಅಂಚಿಗೆ ತೆಳು ಹಳದಿ ಗೆರೆ. ತಲೆಯ ಮೇಲೆ ಗುಲಾಬಿ ಬಣ್ಣದ ಗುರಾಣಿ ಥರ ಒಂದು ಮುಚ್ಚಳ, ಅದರ ಮಧ್ಯೆ ಕಪ್ಪು ಚುಕ್ಕೆ. ಬೆಳಗ್ಗೆ ಬಾಗಿಲ ಜಾಲರಿ ಮೇಲೆ ಕೂತಿರುತ್ತೆ, ಮಗಳಿಗೂ ಒಮ್ಮೆ ತೋರಿಸಿಬಿಡಿ.

ಇದು ಬಾಗಿಲ ಸಂದಿಯಿಂದ ಬರೋದಕ್ಕಿಂತ ಮಕ್ಕಳ ಕೈಯಲ್ಲಿ ಬರೋದೇ ಜಾಸ್ತಿ. ಬಾಟಲಿಯಲ್ಲಿ ಹಿಡ್ಕೊಂಡು ಬರ್ತಾರೆ, ಬೆಳಗ್ಗೆ ಮುಚ್ಚಳ ತೆಗೆದಿರುತ್ತೆ. ಹಾಗಾಗಿ ನಮ್ಮನೆಯಲ್ಲಿ ಒಂದೇ ನಿಯಮ: ಹಿಡೀರಿ, ಆಟ ಆಡಿ, ಹೊರಗೇ ಬಿಟ್ಟು ಬನ್ನಿ. ಸಂಜೆ ಹೊತ್ತು ಪ್ರಾಣಿಯನ್ನು ಹುಲ್ಲಿನ ಮೇಲೆ ಬಿಡೋದೂ ಬೇಡ. ಹಿತ್ತಲಿನ ಸೊಪ್ಪು ತಿನ್ನಿಸೋದಾದರೆ ಎಲೆ ಎಲೆ ತಿರುವಿ ನೋಡಿ, ತೊಳೆದು ಕೊಡಿ.

ಇನ್ನು ಪ್ರಾಣಿ ಇರೋ ಟ್ಯಾಂಕ್ ಎಲ್ಲಿಟ್ಟಿದ್ದೀರಿ? ಕಿಟಕಿ ಪಕ್ಕ ಇದ್ದರೆ ಇವತ್ತೇ ಒಳಗೋಡೆಗೆ ಸರಿಸಿ. ಅದರ ಯುವಿಬಿ ದೀಪ (ಬಿಸಿಲಿನ ಬದಲು ಹಾಕೋ ನೇರಳಾತೀತ ದೀಪ) ಕತ್ತಲಾದ ಮೇಲೂ ಉರೀತಿದ್ದರೆ ಊರಿನ ಹುಳಗಳಿಗೆಲ್ಲ ನೀವೇ ಕರೆ ಕೊಟ್ಟ ಹಾಗೆ, ಪತಂಗ, ಸ್ಟಿಂಕ್ ಬಗ್ ಅನ್ನೋ ನಾತದ ಹುಳ, ಎಲ್ಲ ಬಂದು ಕಿಟಕಿಗೆ ಮುತ್ತುತ್ತವೆ. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗೋದು ಎಂಟೂವರೆಗೆ. ಟೈಮರ್ ಹಾಕಿ ಏಳಕ್ಕೇ ಆರಿಸಿ, ಪ್ರಾಣಿಗೂ ರಾತ್ರಿ ಕತ್ತಲೇ ಬೇಕು. ಟ್ಯಾಂಕ್‌ಗೆ ಬಿಗಿಯಾದ ಜಾಲರಿ ಮುಚ್ಚಳ ಇರಲಿ. ಬಾಗಿಲಡಿಯ ಸಂದಿಗೆ ರಬ್ಬರ್ ಪಟ್ಟಿ, ಹರಿದ ಜಾಲರಿಗೆ ತೇಪೆ, ಹೊರಗಿನ ಬಿಳಿ ಬಲ್ಬಿನ ಬದಲು ಹಳದಿ ಬಲ್ಬು. ಇಷ್ಟು ಸಾಕು.

ಸ್ಟಿಂಕ್ ಬಗ್, ಲೇಡಿಬಗ್ ಎರಡೂ ಚಳಿ ಶುರುವಾಗೋ ಮುಂಚೆ ಮನೆಯೊಳಗೆ ನುಗ್ಗುತ್ತವೆ. ತಿನ್ನಿಸಬೇಡಿ, ಆದರೆ ಮಿಂಚುಹುಳದಷ್ಟು ಗಾಬರಿ ಬೇಡ. ವ್ಯಾಕ್ಯೂಮ್‌ನಲ್ಲಿ ಎಳೆದು ಹೊರಗೆ ಚೆಲ್ಲಿ. ಇರುವೆ ಮಾತ್ರ ಕಾಟ. ತಿಂದು ಬಿಟ್ಟ ಸೊಪ್ಪು, ಮೇವಿಗೆ ಹಾಕಿ ಸತ್ತ ಕ್ರಿಕೆಟ್ ಹುಳದ (ಮಿಡತೆಯಂಥದ್ದು) ವಾಸನೆಗೆ ಸಾಲುಗಟ್ಟಿ ಬರ್ತವೆ, ಮಲಗಿದ ಪ್ರಾಣಿಯನ್ನು ಕಚ್ಚುತ್ತವೆ. ರಾತ್ರಿ ದೀಪ ಆರಿಸೋ ಮೊದಲು ಉಳಿದಿದ್ದನ್ನೆಲ್ಲ ತೆಗೀರಿ. ಜೀವಂತ ಕ್ರಿಕೆಟ್ ಹುಳವನ್ನೂ ಬಿಡಬೇಡಿ, ಹಸಿದ ಕ್ರಿಕೆಟ್ ನಿದ್ದೆಯಲ್ಲಿರೋ ಪ್ರಾಣಿಯ ಬೆರಳು, ಬಾಲ ಕಡಿಯುತ್ತೆ. ಅಜ್ಜಿ ಮನೆಯಲ್ಲಿ ತಿಂಡಿ ಬೀರುವಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡ್ತಿದ್ದರಲ್ಲ, ಟ್ಯಾಂಕಿನ ಸ್ಟ್ಯಾಂಡಿಗೂ ಅದನ್ನೇ ಮಾಡಿ. ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯೋ ಸೋಪು ಹಾಕಿದರೆ ಇರುವೆ ತೇಲಿಕೊಂಡು ದಾಟೋಕ್ಕಾಗಲ್ಲ.

ಪೆಸ್ಟ್ ಕಂಟ್ರೋಲ್ ಬೇಡ ಅಂದಿದ್ದು ಯಾಕಂದ್ರೆ, ಈ ಪ್ರಾಣಿಗಳಿಗೆ ಹುಳದಷ್ಟೇ ಅಪಾಯ ಹುಳದ ಔಷಧಿಯಿಂದಲೂ ಇದೆ. ಸ್ಪ್ರೇ, ಊರಿಂದ ಸೂಟ್‌ಕೇಸಲ್ಲಿ ತಂದ ಇರುವೆ ಚಾಕ್‌ಪೀಸು, ನುಸಿಗುಳಿಗೆ, ಸೊಳ್ಳೆ ಬತ್ತಿ, ಯಾವುದೂ ಆ ಕೋಣೆಯಲ್ಲಿ ಬೇಡ. (ಆ ಚಾಕ್‌ಪೀಸು ಮಾರೋದು ಅಮೆರಿಕದಲ್ಲಿ ಕಾನೂನುಬಾಹಿರ ಕೂಡ.) ವಿಷ ತಿಂದು ತೂರಾಡೋ ಜಿರಲೆಯನ್ನು ಪ್ರಾಣಿ ಹಿಡಿದು ತಿಂದರೆ ವಿಷ ಅದರ ಹೊಟ್ಟೆಗೂ ಹೋಯಿತು, ಅಲ್ವಾ? ಅದಕ್ಕೇ ಮನೆಯಲ್ಲಿ ಸಿಕ್ಕ ಹುಳ ಹಿಡಿದು ತಿನ್ನಿಸೋದೂ ಬೇಡ, ಅಂಗಡಿಯ ಕ್ರಿಕೆಟ್ ಅಥವಾ ಮೇವಿಗೆಂದೇ ಮಾರೋ ಡುಬಿಯಾ ಜಿರಲೆಯೇ ಇರಲಿ. ಹುಲ್ಲಿಗೆ ಔಷಧಿ ಹೊಡೆಸಿದರೆ ಅಲ್ಲಿನ ಸೊಪ್ಪೂ ಹೋಯಿತು.

ಇಷ್ಟೆಲ್ಲ ಮಾಡಿಯೂ ಪ್ರಾಣಿ ಮಿಂಚುಹುಳವನ್ನು ತಿಂದುಬಿಟ್ಟರೆ ಕಾದು ನೋಡಬೇಡಿ. ತಲೆ ಒದರುತ್ತೆ, ಬಾಯಿ ಅಗಲಿಸುತ್ತೆ, ಕತ್ತು ಕಪ್ಪಾಗುತ್ತೆ. ಸಿಟ್ಟು ಬಂದಾಗಲೂ ಕತ್ತು ಕಪ್ಪಾಗುತ್ತೆ ಬಿಡಿ, ಆದರೆ ಮೂರೂ ಸೇರಿದರೆ ಸಮಯ ಇಲ್ಲ ಅಂತಲೇ ಲೆಕ್ಕ, ಒಂದೆರಡು ಗಂಟೆಯಲ್ಲೇ ಸಾಯಬಹುದು. ಪ್ರತಿವಿಷ ಇಲ್ಲ. ವಾಂತಿ ಮಾಡಿಸೋಕೆ ಹೋಗಬೇಡಿ, ನೇರ ವೆಟ್ (ಪ್ರಾಣಿ ವೈದ್ಯರು) ಹತ್ತಿರ ಓಡಿ. ನಾಯಿ ಬೆಕ್ಕು ನೋಡೋ ಎಷ್ಟೋ ವೆಟ್‌ಗಳು ಸರೀಸೃಪ ನೋಡಲ್ಲ. ಎಕ್ಸಾಟಿಕ್ ಪ್ರಾಣಿ (ಹಲ್ಲಿ, ಆಮೆಯಂಥ ಅಪರೂಪದ ಸಾಕುಪ್ರಾಣಿ) ನೋಡೋರು ಹತ್ತಿರದಲ್ಲಿ ಯಾರಿದ್ದಾರೆ, ರಾತ್ರಿ ತೆರೆದಿರ್ತಾರಾ ಅಂತ ಈ ವಾರವೇ ವಿಚಾರಿಸಿ, ನಂಬರ್ ಫ್ರಿಜ್ ಮೇಲೆ ಅಂಟಿಸಿಡಿ.