ಸೈಕಲ್ ಸಂದೇಹ: ಚಳಿಯಲ್ಲಿ 200 ಕಿಲೋಮೀಟರ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಚಳಿಗಾಲದ ದೂರದ ಗುಂಪು ಸವಾರಿ ಕುರಿತವು. ಒಂದನ್ನೊಂದು ಹೋಲುವ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾವು ಎಂಟು ಜನ 200 ಕಿ.ಮೀ. ಬ್ರೆವೆಗೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಹೊರಟಿದ್ದೇವೆ. ಬೆಳಗಿನ ಜಾವ 2 ಡಿಗ್ರಿ ಇರುತ್ತದಂತೆ. ಎಷ್ಟು ಬಟ್ಟೆ ಹಾಕಿಕೊಳ್ಳಬೇಕು?

ಹೊರಟ ಮೊದಲ ಹತ್ತು ನಿಮಿಷ ಚಳಿ ಅನ್ನಿಸಲೇಬೇಕು. ಬಾಗಿಲಲ್ಲೇ ಬೆಚ್ಚಗಿದ್ದರೆ ಬಟ್ಟೆ ಜಾಸ್ತಿಯಾಗಿದೆ ಎಂದರ್ಥ. ಮೊದಲ ಏರಿನಲ್ಲೇ ಬೆವರುತ್ತೀರಿ, ಇಳಿಜಾರಿನಲ್ಲಿ ಆ ಬೆವರೇ ಮೈ ಕೊರೆಯುತ್ತದೆ. ಗಾಳಿ ಬೀಸದ ದಿನವೂ 2 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ಹೋದರೆ ಮುಚ್ಚದ ಚರ್ಮಕ್ಕೆ ಅದು ಸುಮಾರು ಮೈನಸ್ 4ರಂತೆ ತಾಕುತ್ತದೆ. ಹಾಗಾಗಿ ದಪ್ಪ ಬಟ್ಟೆಗಿಂತ ಗಾಳಿ ತಡೆಯುವ ಬಟ್ಟೆ ಮುಖ್ಯ.

ಮೈಗಂಟುವ ತೆಳು ಉಣ್ಣೆಯ ಅಥವಾ ಪಾಲಿಯೆಸ್ಟರ್ ಬನಿಯನ್, ಅದರ ಮೇಲೆ ತುಂಬುತೋಳಿನ ಜರ್ಸಿ, ಎಲ್ಲಕ್ಕೂ ಮೇಲೆ ಎದೆಯ ಭಾಗದಲ್ಲಿ ಗಾಳಿ ತಡೆಯುವ ಜಾಕೆಟ್. ಹತ್ತಿ ಬನಿಯನ್ ಬೇಡವೇ ಬೇಡ. ಒಮ್ಮೆ ಒದ್ದೆಯಾದರೆ ದಿನವಿಡೀ ಒದ್ದೆಯೇ. ಮಂಡಿ ಮುಚ್ಚಿರಲಿ. ಹೆಲ್ಮೆಟ್ ಒಳಗೆ ಕಿವಿ ಮುಚ್ಚುವ ತೆಳು ಟೋಪಿ ಇರಲಿ. ಜಾಕೆಟ್ ತೋಳಿನ ತುದಿಗೂ ಗ್ಲೌಸಿಗೂ ನಡುವೆ ಎರಡು ಬೆರಳಷ್ಟು ಮಣಿಕಟ್ಟು ಕಾಣುತ್ತಿದ್ದರೆ ಗಾಳಿ ಅಲ್ಲಿಂದಲೇ ತೋಳಿನೊಳಗೆ ನುಗ್ಗುತ್ತದೆ. ಉದ್ದ ಕಫ್ ಇರುವ ಗ್ಲೌಸ್ ಕೊಳ್ಳಿ.

ಪ್ರಶ್ನೆ: ದಪ್ಪ ಸಾಕ್ಸ್ ಎರಡೆರಡು ಜೊತೆ ಹಾಕಿದರೂ ಕಾಲ್ಬೆರಳು ಮರಗಟ್ಟುತ್ತದೆ. ಏಕೆ?

ಎರಡೆರಡು ಹಾಕಿದ್ದರಿಂದಲೇ. ಶೂ ಬಿಗಿಯಾಗಿ ರಕ್ತ ಬೆರಳ ತುದಿಗೆ ಹರಿಯುವುದಿಲ್ಲ. ಒಂದೇ ಜೊತೆ ಉಣ್ಣೆ ಸಾಕ್ಸ್ ಹಾಕಿ, ಶೂ ಪಟ್ಟಿ ಒಂದು ಹಲ್ಲು ಸಡಿಲಿಸಿ, ಒಳಗೆ ಬೆರಳು ಆಡುತ್ತವೆಯೇ ನೋಡಿ. ಕ್ಲೀಟ್ (ಪೆಡಲಿಗೆ ಕಚ್ಚಿಕೊಳ್ಳುವ, ಶೂ ಅಡಿಯ ತುಂಡು) ಇರುವ ಶೂ ಆದರೆ ಒಳಹಾಸನ್ನು ಎತ್ತಿ ನೋಡಿ: ಕ್ಲೀಟ್ ತಿರುಪಿನ ತೂತುಗಳು ನೇರ ರಸ್ತೆಯ ಗಾಳಿಗೇ ತೆರೆದಿರುತ್ತವೆ. ಒಳಗಿನಿಂದ ಅಂಟುಪಟ್ಟಿ ಹಚ್ಚಿ, ಮೇಲಿನಿಂದ ಶೂ ಕವರ್ ಹಾಕಿ. ಇಷ್ಟಾದರೂ ಸೆಟೆದುಕೊಂಡರೆ ಮುಂದಿನ ಏರಿನಲ್ಲಿ ಐದು ನಿಮಿಷ ಇಳಿದು ಸೈಕಲ್ ತಳ್ಳಿಕೊಂಡು ನಡೆಯಿರಿ. ಪೆಡಲ್ ತುಳಿಯುವಾಗ ಪಾದ ಮಡಚುವುದೇ ಇಲ್ಲ, ನಡೆದರೆ ಮಡಚುತ್ತದೆ, ರಕ್ತ ಓಡುತ್ತದೆ.

ಪ್ರಶ್ನೆ: ಹೊರಟಾಗ ಒಟ್ಟಿಗಿರುವ ಗುಂಪು 80 ಕಿ.ಮೀ. ಆಗುವಷ್ಟರಲ್ಲಿ ಚದುರಿಹೋಗುತ್ತದೆ. ಮುಂದಿನವರು ಕಾದು ಕಾದು ನಡುಗುತ್ತಾರೆ. ಹಿಂದಿನವರು ಬಂದು ಉಸಿರು ಬಿಡುವಷ್ಟರಲ್ಲಿ ಎಲ್ಲರೂ ಹೊರಡುತ್ತಾರೆ. ಪರಿಹಾರವೇನು?

ನಿಮ್ಮ ಪತ್ರಗಳಲ್ಲೆಲ್ಲ ಇದೇ ಮುಖ್ಯವಾದ ಪ್ರಶ್ನೆ ಎಂದು ನಮ್ಮ ಭಾವನೆ. ಚಳಿಯಲ್ಲಿ ಗುಂಪು ಸೋಲುವುದು ಓಡುವಾಗ ಅಲ್ಲ, ನಿಂತಾಗ.

ಮುಂದಾಳತ್ವದಿಂದ ಶುರು ಮಾಡೋಣ. ಹಿಂದೆ ಗಾಳಿಮರೆಯಲ್ಲಿದ್ದವರು ಮುಂದೆ ಬಂದ ಕೂಡಲೇ ತಾಜಾ ಕಾಲಿನ ಹುಮ್ಮಸ್ಸಿನಲ್ಲಿ ವೇಗ ಹೆಚ್ಚಿಸುತ್ತಾರೆ. ಸಾಲು ಕಡಿಯುವುದು ಅಲ್ಲೇ. ಮುಂದೆ ಬರುವ ಮೊದಲು ಮೀಟರ್‌ನಲ್ಲಿ ವೇಗ ಎಷ್ಟಿತ್ತೋ ಬಂದ ಮೇಲೂ ಅಷ್ಟೇ ಇರಬೇಕು. ಶಕ್ತಿ ಹೆಚ್ಚಿದ್ದವರು ಹೆಚ್ಚು ಹೊತ್ತು ಮುಂದಿರಲಿ, ಹೆಚ್ಚು ವೇಗದಲ್ಲಿ ಅಲ್ಲ. ಎದುರುಗಾಳಿಯಲ್ಲಿ ಮೂರು ನಿಮಿಷಕ್ಕೊಮ್ಮೆ ಬದಲಾಗಿ. ಮುಖಕ್ಕೂ ಬೆರಳಿಗೂ ಅಷ್ಟೇ ಸಾಕು. ಒದ್ದೆ ರಸ್ತೆಯಲ್ಲಿ ಚಕ್ರದಿಂದ ಚಕ್ರಕ್ಕೆ ಒಂದೂವರೆ ಎರಡು ಮೀಟರ್ ಬಿಡಿ. ರಿಮ್ ಬ್ರೇಕ್ (ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ಬ್ರೇಕ್) ಆಗಿದ್ದರೆ ಮೊದಲ ಒಂದೆರಡು ಸುತ್ತು ನೀರು ಒರೆಸುವುದರಲ್ಲೇ ಹೋಗುತ್ತದೆ, ಹಿಡಿತ ಸಿಗುವುದು ಆಮೇಲೆ. ಮಡ್‌ಗಾರ್ಡ್ ಎಲ್ಲರಿಗೂ ಕಡ್ಡಾಯ ಮಾಡಿ. ಹಿಂದಿನ ಮಡ್‌ಗಾರ್ಡಿನ ತುದಿಗೆ ನೆಲದಿಂದ ಒಂದು ಗೇಣು ಬಿಟ್ಟು ರಬ್ಬರ್ ತುಂಡೊಂದನ್ನು ಕಟ್ಟಿ. ಅದು ನಿಮಗಲ್ಲ, ನಿಮ್ಮ ಹಿಂದೆ ಬಾಯ್ತುಂಬ ಕೆಸರುನೀರು ಕುಡಿಯಬೇಕಾದವರಿಗೆ.

ಏರಿನಲ್ಲಿ ಅವರವರ ವೇಗಕ್ಕೆ ಬಿಟ್ಟುಬಿಡಿ. ಆದರೆ ನೆತ್ತಿಯ ಮೇಲೆ ಗಾಳಿಗೊಡ್ಡಿ ನಿಂತು ಕಾಯಬೇಡಿ. ಮುಂದಿನವರು ಜಾಕೆಟ್ ಜಿಪ್ ಕತ್ತಿನವರೆಗೆ ಏರಿಸಿಕೊಂಡು ಇಳಿದು, ಬುಡದಲ್ಲಿ ಹಗುರ ಗೇರಿನಲ್ಲಿ ನಿಧಾನಕ್ಕೆ ತುಳಿಯುತ್ತಿರಲಿ.

ಇನ್ನು ನಿಲುಗಡೆಯ ಲೆಕ್ಕ. 200 ಕಿ.ಮೀ. ಬ್ರೆವೆಗೆ ಸಮಯ ಹದಿಮೂರೂವರೆ ಗಂಟೆ. ಗಂಟೆಗೆ 20 ಕಿ.ಮೀ. ಓಡಿಸಿದರೆ ಸವಾರಿಗೇ ಹತ್ತು ಗಂಟೆ, ಉಳಿಯುವುದು ಮೂರೂವರೆ. ಅರ್ಧರ್ಧ ಗಂಟೆ ಐದು ಸಲ ನಿಂತರೆ ಉಳಿಯುವುದು ಒಂದೇ ಗಂಟೆ, ಪಂಕ್ಚರಿಗೂ ಎದುರುಗಾಳಿಗೂ ಅದೇ. ಒಳಗೆ ಕೂರುವಂಥ ಇಪ್ಪತ್ತು ನಿಮಿಷದ ನಿಲುಗಡೆ ಎರಡೇ ಇಟ್ಟುಕೊಳ್ಳಿ. ಉಳಿದವು ಐದೈದು ನಿಮಿಷ. ಐದು ನಿಮಿಷ ಎಣಿಸಬೇಕಾದ್ದು ಕೊನೆಯವರು ಬಂದ ಮೇಲೆ. ನಿಂತ ತಕ್ಷಣ, ಚಳಿ ಹತ್ತುವ ಮೊದಲೇ, ಬ್ಯಾಗಿನಲ್ಲಿರುವ ಹೆಚ್ಚುವರಿ ಜಾಕೆಟ್ ಹಾಕಿಕೊಳ್ಳಿ. ಹೊರಡುವ ಕ್ಷಣದಲ್ಲಿ ತೆಗೆಯಿರಿ. ಊಟಕ್ಕೆ ನಿಂತಾಗ ಬನಿಯನ್ ಬದಲಿಸಿ. ಒಣ ಬನಿಯನ್ನಿನಷ್ಟು ಉಪಕಾರ ಬಿಸಿ ಸೂಪ್ ಕೂಡ ಮಾಡುವುದಿಲ್ಲ.

ಪ್ರಶ್ನೆ: ಒಬ್ಬರ ಟೈರ್ ಪಂಕ್ಚರ್ ಆದರೆ ಎಂಟೂ ಜನ ನಿಲ್ಲಬೇಕೆ?

ಬೇಡ. ಸೈಕಲಿನವರೂ ಇನ್ನಿಬ್ಬರೂ ಉಳಿಯಲಿ, ಮಿಕ್ಕವರು ಮುಂದಿನ ಮರೆಯವರೆಗೆ ನಿಧಾನವಾಗಿ ಹೋಗಲಿ. ಉಳಿದವರಲ್ಲಿ ಒಬ್ಬರು ಟೈರ್ ಬಿಚ್ಚುವಾಗ ಇನ್ನೊಬ್ಬರು ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ತುಂಬಿಸಿಡಲಿ, ಮೂರನೆಯವರು ಟೈರಿನ ಒಳಮೈ ತಡವಿ ಮುಳ್ಳು ಹುಡುಕಲಿ. ಬರಿಗೈ ಬೇಕಾಗುವುದು ಈ ಮುಳ್ಳಿನ ಕೆಲಸಕ್ಕೆ ಮಾತ್ರ. ಮರಗಟ್ಟಿದ ಬೆರಳಿಗೆ ಸಣ್ಣ ತಂತಿಚೂರು ತಿಳಿಯುವುದಿಲ್ಲ, ಹೊಸ ಟ್ಯೂಬೂ ಹತ್ತು ನಿಮಿಷದಲ್ಲಿ ಹೋಗುತ್ತದೆ. ಹಾಗಾಗಿ ಮೊದಲು ಕೈಯನ್ನು ಕಂಕುಳಲ್ಲಿಟ್ಟು ಬಿಸಿ ಮಾಡಿಕೊಳ್ಳಿ. ಒದ್ದೆ ಟ್ಯೂಬಿಗೆ ತೇಪೆ ಅಂಟುವುದಿಲ್ಲ, ತಲಾ ಎರಡು ಟ್ಯೂಬ್ ಒಯ್ಯಿರಿ. ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಜ್ ಬಳಸುವಾಗ ಗ್ಲೌಸ್ ತೆಗೆಯಬೇಡಿ, ಖಾಲಿಯಾಗುವಾಗ ಅದು ಹಿಮಗಟ್ಟಿ ಚರ್ಮಕ್ಕೆ ಅಂಟುತ್ತದೆ.

ಗಾಳಿಯ ಒತ್ತಡದ ಬಗ್ಗೆಯೂ ಕೇಳಿದ್ದೀರಿ. ಮನೆಯೊಳಗೆ 20 ಡಿಗ್ರಿಯಲ್ಲಿ 80 ಪಿಎಸ್‌ಐ ತುಂಬಿದ ಟೈರ್ ಹೊರಗೆ 0 ಡಿಗ್ರಿಯಲ್ಲಿ 74ರ ಆಸುಪಾಸಿಗೆ ಇಳಿದಿರುತ್ತದೆ. ಒದ್ದೆ ರಸ್ತೆಗೆ ಅಷ್ಟು ಕಡಿಮೆಯೇ ಒಳ್ಳೆಯದು, ಮತ್ತೆ ತುಂಬಿಸಬೇಡಿ.

ಪ್ರಶ್ನೆ: ರಸ್ತೆಯ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆ ಇದ್ದರೆ?

ಸೇತುವೆ ಮೇಲೆ, ಮರಗಳ ನೆರಳಿನ ತಿರುವಿನಲ್ಲಿ, ನೀರು ಅಡ್ಡ ಹರಿಯುವ ಕಡೆ ಅದು ಮೊದಲು ಕಟ್ಟುತ್ತದೆ. ಥರ್ಮಾಮೀಟರ್ 3 ತೋರಿಸುತ್ತಿದ್ದರೂ ನೆಲ 0ಕ್ಕಿಂತ ಕೆಳಗಿರಬಹುದು. ಅದರ ಮೇಲೆ ಹತ್ತಿಬಿಟ್ಟಿದ್ದರೆ ಬ್ರೇಕ್ ಮುಟ್ಟಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ತುಳಿಯುವುದನ್ನು ನಿಲ್ಲಿಸಿ ನೇರ ದಾಟಿ. "ಮಂಜು!" ಎಂದು ಹಿಂದಿನವರಿಗೆ ಕೂಗಿ ಹೇಳಿ. ಕೈ ಎತ್ತಿ ತೋರಿಸಲು ಹೋದರೆ ನೀವೇ ಬೀಳುತ್ತೀರಿ. ರಸ್ತೆಯುದ್ದಕ್ಕೂ ಇದ್ದರೆ ಮೊಳೆ ಟೈರ್ ಇಲ್ಲದವರು ಹೊರಡಲೇಬಾರದು.

ಪ್ರಶ್ನೆ: ಬಾಟಲಿಯ ನೀರು ಹೆಪ್ಪುಗಟ್ಟುತ್ತದೆ.

ಮೊದಲು ಕಟ್ಟಿಕೊಳ್ಳುವುದು ಮೂತಿ. ಉಗುರುಬೆಚ್ಚಗಿನ ನೀರು ತುಂಬಿಸಿ, ಸೋರದ ಬಾಟಲಿಯಾದರೆ ತಲೆಕೆಳಗಾಗಿ ಇಡಿ. ಚಳಿಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಹಸಿವೂ ತಡವಾಗಿ ಗೊತ್ತಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಗುಟುಕು, ಒಂದು ತುತ್ತು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಎನರ್ಜಿ ಬಾರ್ ಕಲ್ಲಾಗುವುದರಿಂದ ಮನೆಯಲ್ಲೇ ತುಂಡು ಮಾಡಿ ಒಳಜೇಬಿನಲ್ಲಿಡಿ.

ಪ್ರಶ್ನೆ: ಜೊತೆಗಾರರೊಬ್ಬರು ವಿಪರೀತ ನಡುಗುತ್ತಿದ್ದರು, ಆಮೇಲೆ ನಡುಕ ನಿಂತಿತು. ಸುಧಾರಿಸಿದರು ಅಂದುಕೊಂಡೆವು. ಸರಿಯೇ?

ಬಿಸಿ ಮಾಡದೆಯೇ ನಡುಕ ನಿಂತಿದ್ದರೆ ಅದು ಸುಧಾರಣೆಯಲ್ಲ, ಅಪಾಯ. ಮೈಯೊಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಅದರ ಆರಂಭದ ಸೂಚನೆಗಳನ್ನು ಪಕ್ಕದವರೇ ಗಮನಿಸಬೇಕು: ಮಾತು ತೊದಲುತ್ತದೆ, ಜಿಪ್ ಹಾಕಲು ಬರುವುದಿಲ್ಲ, ಗೇರ್ ಬದಲಿಸುವುದನ್ನು ಬಿಟ್ಟುಬಿಡುತ್ತಾರೆ, ಕೇಳಿದರೆ "ಏನಿಲ್ಲ, ನಡೀರಿ" ಎನ್ನುತ್ತಾರೆ. ಆ ಉತ್ತರ ನಂಬಬೇಡಿ. ಮರೆಗೆ ಕರೆದೊಯ್ದು ಒದ್ದೆ ಬಟ್ಟೆ ಬದಲಿಸಿ, ಎದೆ ಬೆನ್ನು ಕತ್ತು ಮೊದಲು ಬೆಚ್ಚಗೆ ಮಾಡಿ. ಪೂರ್ತಿ ಎಚ್ಚರವಿದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಿ, ಮದ್ಯ ಖಂಡಿತ ಬೇಡ. ಕೈಕಾಲು ತಿಕ್ಕಬೇಡಿ. ನಡುಕ ನಿಂತು ಮಂಕಾಗಿದ್ದರೆ ಕೂಡಲೇ ಆಂಬ್ಯುಲೆನ್ಸ್ ಕರೆಯಿರಿ. ಚೇತರಿಸಿಕೊಂಡರೂ ಅಂದು ಮತ್ತೆ ಸೈಕಲ್ ಹತ್ತಿಸಬೇಡಿ.

ಪ್ರಶ್ನೆ: ಗುಂಪಿನಲ್ಲಿ ಹಿಂದಿನ ದೀಪ ಮಿನುಗುತ್ತಿರಬೇಕೋ, ಸ್ಥಿರವಾಗಿರಬೇಕೋ?

ಸ್ಥಿರವಾಗಿರಲಿ. ಮಿನುಗಿದರೆ ಹಿಂದಿನವರ ಕಣ್ಣು ಕುಕ್ಕುತ್ತದೆ, ಅಂತರವೂ ಅಂದಾಜಾಗುವುದಿಲ್ಲ. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಎರಡನೇ ದೀಪವನ್ನು ಜರ್ಸಿಯ ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಿ.